ಒಳಗೆ ಬಟ್ಟೆ ಬಿಡದ ಕೋಟು

ಹೊಲಿಗೆ ಮಾಸ್ತರಿಗೆ ತೀರಿಹೋದ ಗೆಳೆಯನ ಮೇಲೆ ಇರುವುದು ಒಂದೇ ದೂರು. ಹೋಗುವುದು ಹೋದ, ಅದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ. ಆದರೆ ಹೋಗುವ ಮೊದಲು ಅಂಥದೊಂದು ಕೋಟು ಕತ್ತರಿಸಿಟ್ಟು ಹೋಗಬಾರದಿತ್ತು.

ಇಬ್ಬರೂ ಒಂದೇ ಅಂಗಡಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಒಬ್ಬರು ಅಳತೆ ತೆಗೆದು ಬಟ್ಟೆ ಕತ್ತರಿಸುವವರು, ಇನ್ನೊಬ್ಬರು ಹೊಲಿಯುವವರು. ಹಾಗಾಗಿ ಬೀದಿಯವರ ಬಾಯಲ್ಲಿ ಒಬ್ಬರು ಕಟಿಂಗ್ ಮಾಸ್ತರು, ಇನ್ನೊಬ್ಬರು ಹೊಲಿಗೆ ಮಾಸ್ತರು. ಕಟಿಂಗ್ ಮಾಸ್ತರು ಕತ್ತರಿಸಿದ್ದನ್ನು ಹೊಲಿಗೆ ಮಾಸ್ತರು ಮತ್ತೆ ಅಳೆದು ನೋಡುತ್ತಿರಲಿಲ್ಲ. ಹೊಲಿಗೆ ಮಾಸ್ತರು ಹೊಲಿದದ್ದನ್ನು ಕಟಿಂಗ್ ಮಾಸ್ತರು ತಿರುವಿ ನೋಡುತ್ತಿರಲಿಲ್ಲ. (ಗಂಡ ಹೆಂಡತಿಯ ನಡುವೆಯೂ ಇಲ್ಲದ ಈ ನಂಬಿಕೆಯ ಬಗ್ಗೆ ಇಬ್ಬರ ಮನೆಯಲ್ಲೂ ಆಗಾಗ ಮಾತು ಬರುತ್ತಿತ್ತು.) ಹೊಲಿದ ಬಟ್ಟೆ ಗಿರಾಕಿಗೆ ಸರಿಹೊಂದದಿದ್ದರೆ ಇಬ್ಬರೂ ಸೇರಿ ಗಿರಾಕಿಯನ್ನು ಸರಿಮಾಡುತ್ತಿದ್ದರು. "ನೆಟ್ಟಗೆ ನಿಂತ್ಕೊಳ್ಳಿ ಸಾರ್. ಉಸಿರು ಬಿಡಿ. ಈಗ ನೋಡಿ!"

ಕಟಿಂಗ್ ಮಾಸ್ತರ ಮಗಳ ಮದುವೆ ಗೊತ್ತಾಯಿತು. ಅದೇ ವಾರ ಅವರು ಗೆಳೆಯನಿಗೆಂದು ಕಡುನೀಲಿ ಬಟ್ಟೆಯಲ್ಲಿ ಒಂದು ಕೋಟು ಕತ್ತರಿಸಿದರು. ಹೊಟ್ಟೆಯ ಸುತ್ತ ಟೇಪು ಹಿಡಿದಾಗ ನಲವತ್ತು ಇಂಚು ಬಂತು. ಬಟ್ಟೆಯ ಒಳಮೈಯಲ್ಲಿ ಸೀಮೆಸುಣ್ಣದಿಂದ ಮೂವತ್ತೆಂಟು ಎಂದು ಬರೆದರು.

"ಏಯ್, ಎರಡು ಇಂಚು ಎಲ್ಲಿ ಹೋಯ್ತು?" ಎಂದರು ಹೊಲಿಗೆ ಮಾಸ್ತರು.

"ಅದನ್ನ ನೀನು ಕಳೆಯಬೇಕು. ಮದುವೆಗೆ ಇನ್ನೂ ಐದಾರು ತಿಂಗಳಿದೆ. ಬೆಳಿಗ್ಗೆ ಎದ್ದು ನನ್ನ ಜೊತೆ ನಡಿ."

"ಆಗದಿದ್ರೆ ಬಿಚ್ಚಿ ದೊಡ್ಡದು ಮಾಡ್ಕೋತೀನಿ ಬಿಡು."

"ಬಿಚ್ಚೋಕೆ ಏನಿದೆ? ಹೊಲಿಗೆ ಬೀಳೋದಕ್ಕೆ ಎಷ್ಟು ಬೇಕೋ ಅಷ್ಟೇ. ಅದರ ಮೇಲೆ ಒಂದು ನೂಲೂ ಬಟ್ಟೆ ಬಿಟ್ಟಿಲ್ಲ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ?"

ಇದಾದ ಕೆಲವೇ ದಿನಕ್ಕೆ ಕಟಿಂಗ್ ಮಾಸ್ತರಿಗೆ ಜ್ವರ ಬಂತು. ಸಾಮಾನ್ಯ ಜ್ವರ ಅಂದರು. ಆಮೇಲೆ ಸಾಮಾನ್ಯವಲ್ಲ ಅಂದರು. ಆಮೇಲೆ ಯಾರೂ ಏನೂ ಅನ್ನಲಿಲ್ಲ. ಕುತ್ತಿಗೆಯಲ್ಲಿ ಸದಾ ಜೋತಾಡುತ್ತಿದ್ದ ಹಳೆಯ ಬಟ್ಟೆಯ ಟೇಪನ್ನು ಅವರ ಕೊರಳಲ್ಲೇ ಬಿಟ್ಟು ಕಳಿಸಿಕೊಟ್ಟರು. ಅದಿಲ್ಲದೆ ಅವರನ್ನು ಯಾರೂ ನೋಡಿರಲಿಲ್ಲ, ಕೊನೆಯ ಸಲ ಮಾತ್ರ ಯಾಕೆ ನೋಡಬೇಕು ಎಂದು ಎಲ್ಲರಿಗೂ ಅನಿಸಿತ್ತು.

ಮದುವೆ ನಿಲ್ಲಿಸುವುದು ಬೇಡ ಎಂದು ಅತ್ತಿಗೆ, ಅಂದರೆ ಕಟಿಂಗ್ ಮಾಸ್ತರ ಹೆಂಡತಿ, ತೀರ್ಮಾನಿಸಿದರು. ಮಗಳು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಹೇಳಿದಳು: "ಚಿಕ್ಕಪ್ಪ, ಅವತ್ತು ಬಾಗಿಲಲ್ಲಿ ಅಪ್ಪನ ಜಾಗದಲ್ಲಿ ನೀವೇ ನಿಂತು ಬಂದವರನ್ನ ಮಾತಾಡಿಸಬೇಕು. ಅಪ್ಪ ಕತ್ತರಿಸಿದ ಕೋಟು ಹಾಕ್ಕೊಂಡು. ಬೇರೆ ಏನೂ ಕೇಳಲ್ಲ ನಾನು."

ಬೇರೆ ಏನಾದರೂ ಕೇಳಿದ್ದರೆ ಚೆನ್ನಾಗಿತ್ತು ಎಂದು ಮಾಸ್ತರಿಗೆ ಅನಿಸಿತು. "ಆಯ್ತಮ್ಮ" ಎಂದರು.

ಸಂತೆಗೆ ಹೋಗಿ ಹೊಸ ಟೇಪು ತಂದರು. ಅಂಗಡಿಯ ಕೆಲಸ ಈಗ ಎರಡೂ ಅವರದೇ. ಮೊದಲು ತಮ್ಮ ಹೊಟ್ಟೆಯನ್ನೇ ಅಳೆದುಕೊಂಡರು. ನಲವತ್ತೆರಡು.

"ನೋಡೇ, ದುಃಖದಲ್ಲಿ ಊಟ ಬಿಟ್ಟಿದ್ದೀನಿ. ಆದರೂ ಎರಡು ಇಂಚು ಬೆಳೆದಿದೆ!"

"ಊಟ ಬಿಟ್ರಿ, ಸರಿ" ಎಂದಳು ಹೆಂಡತಿ. "ಬೇಕರಿ ಬಿಟ್ರಾ?"

ಇಳಿಸಬೇಕಾದದ್ದು ಎರಡಲ್ಲ, ನಾಲ್ಕು ಇಂಚು ಎಂದಾಯಿತು. ಮಾಸ್ತರು ವಾದಕ್ಕೆ ನಿಂತರು. ದಿನವಿಡೀ ಹೊಲಿಗೆ ಮೆಷಿನ್ ತುಳಿಯುವವನಿಗೆ ಬೇರೆ ವ್ಯಾಯಾಮ ಯಾಕೆ?

"ಅದು ಮೆಷಿನ್‌ಗೆ ವ್ಯಾಯಾಮ. ನೀವು ಕೂತಿರ್ತೀರಿ."

"ದಿನಾ ನಡೀತಿದ್ದ ಅವನು ಹೋದ. ದಿನಾ ಮಲಗಿರ್ತಿದ್ದ ನಾನು ಉಳಿದಿದ್ದೀನಿ. ಇದರ ಅರ್ಥ ಏನು?"

"ಅವರು ಜ್ವರ ಬಂದು ಹೋಗಿದ್ದು, ನಡೆದು ಅಲ್ಲ. ಏಳಿ, ಚಪ್ಪಲಿ ಹಾಕ್ಕೊಳ್ಳಿ."

ಹೀಗೆ ಮಾಸ್ತರ ದೇಹದಂಡನೆ ಆರಂಭವಾಯಿತು. ಬೆಳಿಗ್ಗೆ ನಡಿಗೆ, ಮಧ್ಯಾಹ್ನ ಬೇಯಿಸಿದ ಸೊಪ್ಪು, ಸಂಜೆ ಹಸಿ ಸೌತೆಕಾಯಿ. ಅಂಗಡಿಯಲ್ಲಿ ಗುಂಡಿಯೋ ಸೂಜಿಯೋ ಬಿದ್ದರೆ ಕೂತಲ್ಲಿಂದ ಆಯಸ್ಕಾಂತ ಇಳಿಬಿಟ್ಟು ಎತ್ತುತ್ತಿದ್ದವರು ಈಗ ಬಗ್ಗಿ ಎತ್ತಬೇಕೆಂದು ಹೆಂಡತಿಯ ಆಜ್ಞೆ. ಆಯಸ್ಕಾಂತವನ್ನು ಅವಳು ವಶಪಡಿಸಿಕೊಂಡಿದ್ದಳು.

ಮೊದಲ ವಾರವೇ ತೊಡಕು ಬಂತು. ಎಷ್ಟೇ ದಾರಿ ಬದಲಿಸಿದರೂ ಮಾಸ್ತರ ಕಾಲು ಅವರನ್ನು ಬೇಕರಿಯ ಮುಂದೆಯೇ ತಂದು ನಿಲ್ಲಿಸುತ್ತಿತ್ತು, ಅದೂ ಒಲೆಯ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ. ಬಿಸಿ ಬನ್ನನ್ನು ಕಂಡೂ ಕಾಣದಂತೆ ಹೋಗುವುದು ಅವರಿಗೆ ಅಮಾನವೀಯವೆನಿಸುತ್ತಿತ್ತು. ಮನೆಗೆ ಬಂದ ಮೇಲೆ ಹೆಂಡತಿ ಮೀಸೆಗೆ ಅಂಟಿದ ಬನ್ನಿನ ಪುಡಿಯನ್ನು ಒಮ್ಮೆ ನೋಡಿ, ಇನ್ನೊಂದು ಸೌಟು ಸೊಪ್ಪು ಬಡಿಸುತ್ತಿದ್ದಳು.

ಎರಡನೆಯ ತೊಡಕು ಬಿಸ್ಕತ್ತು. ಮಾಸ್ತರು ಅದನ್ನು ಅಂಗಡಿಯ ಗುಂಡಿ ಡಬ್ಬಿಯಲ್ಲಿ ಅಡಗಿಸಿಟ್ಟಿದ್ದರು. ಕಾಜಾ ಹೊಲಿದು ಗುಂಡಿ ಹಚ್ಚುವ ಕೆಲಸ ಮೊದಲಿನಿಂದಲೂ ಅತ್ತಿಗೆಯದು. ಅವರು ಶರಟಿಗೆ ಹಚ್ಚಲೆಂದು ಡಬ್ಬಿಗೆ ಕೈ ಹಾಕಿದರು.

"ಇದಕ್ಕೆ ತೂತು ಜಾಸ್ತಿ ಇದೆಯಲ್ಲ" ಎಂದು ಬಿಸ್ಕತ್ತನ್ನು ಬೆಳಕಿಗೆ ಹಿಡಿದು ನೋಡಿದರು. ಗಂಡ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಮಾಸ್ತರು ಆ ನಗುವಿಗಾಗಿ ಬಿಸ್ಕತ್ತನ್ನು ಶಾಶ್ವತವಾಗಿ ತ್ಯಾಗ ಮಾಡಿದರು. (ಇನ್ನೆರಡು ಜೇಬಿನಲ್ಲಿದ್ದವು. ಅವುಗಳ ನಂತರ.)

ಅಷ್ಟರಲ್ಲಿ ಅಂಗಡಿಯಲ್ಲಿ ಒಂದು ವಿಚಿತ್ರ ನಡೆಯಿತು. ಬ್ಯಾಂಕಿನ ಸಾಹೇಬರು ಪ್ಯಾಂಟಿಗೆ ಅಳತೆ ಕೊಡಲು ಬಂದರು. ಸೊಂಟ ಮೂವತ್ತೆಂಟು ಬಂತು.

"ಸಾಧ್ಯವೇ ಇಲ್ಲ! ಹೋದ ಸಲ ಮೂವತ್ತಾರು ಇತ್ತು."

"ಟೇಪು ಸುಳ್ಳು ಹೇಳುತ್ತಾ ಸಾರ್? ಕೂತು ಕೂತು ಹೀಗಾಗತ್ತೆ. ಬೆಳಿಗ್ಗೆ ನಡೀರಿ" ಎಂದರು ಮಾಸ್ತರು. ಇನ್ನೊಬ್ಬರ ಹೊಟ್ಟೆಯ ಬಗ್ಗೆ ಮಾತಾಡುವುದು ಎಷ್ಟು ಹಿತವೆಂದು ಅವರಿಗೆ ಆಗ ತಿಳಿಯಿತು.

ಮರುದಿನ ಔಷಧಿ ಅಂಗಡಿಯವರು ಬಂದರು. ಎರಡು ಇಂಚು ಹೆಚ್ಚು. ಶಾಲೆಯ ಹೆಡ್‌ಮಾಸ್ತರು, ಎರಡು ಇಂಚು ಹೆಚ್ಚು. ಕಡ್ಡಿಯಂತಿದ್ದ ಪೋಸ್ಟ್‌ಮ್ಯಾನ್ ಕೂಡ ಎರಡು ಇಂಚು ಹೆಚ್ಚು. ಇಡೀ ಬೀದಿಯೇ ಉಬ್ಬುತ್ತಿದೆ ಎಂದು ಮಾಸ್ತರು ಸಾರಿದರು. ಟೇಪು ಕೊರಳಿಗೆ ಹಾಕಿಕೊಂಡು ಆರೋಗ್ಯದ ಮೇಲೆ ಉಪನ್ಯಾಸ ಕೊಟ್ಟರು. ಸೊಪ್ಪಿನ ಮಹಿಮೆಯನ್ನು ವರ್ಣಿಸಿದರು. ಸಾಹೇಬರು ಒಂದಷ್ಟು ದಿನ ಮಾತು ಬಿಟ್ಟರು. ಆಮೇಲೊಂದು ಬೆಳಿಗ್ಗೆ ಹೊಸ ಬೂಟು ಹಾಕಿಕೊಂಡು ಮಾಸ್ತರ ಹಿಂದೆ ಬಂದರು. ಅವರ ಹಿಂದೆ ಔಷಧಿ ಅಂಗಡಿ, ಅದರ ಹಿಂದೆ ಹೆಡ್‌ಮಾಸ್ತರು.

ಇಷ್ಟು ಜನ ಬೆನ್ನಿಗಿರುವಾಗ ಗುರುವಾದವನು ಬೇಕರಿಗೆ ನುಗ್ಗುವುದು ಹೇಗೆ? ಮಾಸ್ತರು ಬನ್ನಿನ ವಾಸನೆಯನ್ನು ಉಸಿರು ಕಟ್ಟಿ ದಾಟತೊಡಗಿದರು. ಹೊಟ್ಟೆ ಇಳಿಯತೊಡಗಿತು. ಅದನ್ನು ಅವರು ಯಾರಿಗೂ ತೋರಿಸಲಿಲ್ಲ. ಹಳೆಯ ದೊಗಳೆ ಅಂಗಿಯನ್ನೇ ಹಾಕಿಕೊಂಡು ಓಡಾಡಿದರು. ಮದುವೆಯ ದಿನ ಕೋಟಿನಲ್ಲಿ ಬಾಗಿಲಲ್ಲಿ ನಿಂತಾಗ ಇಡೀ ಬೀದಿ ಬಾಯಿ ಬಿಟ್ಟುಕೊಂಡು ನೋಡಬೇಕೆಂಬುದು ಅವರ ಗುಪ್ತ ಯೋಜನೆ.

ಕೋಟು ಮಾತ್ರ ಇನ್ನೂ ತುಂಡುಗಳಾಗಿ ದಾರ ಕಟ್ಟಿ ಅಟ್ಟದ ಮೇಲಿತ್ತು. ಹೊಲಿದು ಹಾಕಿ ನೋಡಿ ಎಂದು ಹೆಂಡತಿ ಹೇಳಿದಾಗಲೆಲ್ಲ, ಅಳತೆಗೆ ಬಂದ ಮೇಲೆ ಎನ್ನುತ್ತಿದ್ದರು. ನಿಜವೆಂದರೆ ಗೆಳೆಯ ಕತ್ತರಿಸಿದ ಬಟ್ಟೆ ಅಂಗಡಿಯಲ್ಲಿ ಉಳಿದಿದ್ದುದು ಅದೊಂದೇ. ಹೊಲಿದುಬಿಟ್ಟರೆ ಮುಗಿಯಿತು.

ಮದುವೆಗೆ ಹತ್ತು ದಿನವಿರುವಾಗ ಟೇಪು ಮೂವತ್ತೆಂಟು ತೋರಿಸಿತು. ಮಾಸ್ತರು ಗಂಟು ಬಿಚ್ಚಿದರು. ಒಂದು ಇಡೀ ದಿನ ಬೇರೆ ಯಾವ ಕೆಲಸವನ್ನೂ ಮುಟ್ಟದೆ ಹೊಲಿದರು. ಅತ್ತಿಗೆ ಕಾಜಾ ಮಾಡಿ ಗುಂಡಿ ಹಚ್ಚಿದರು. ಸಂಜೆ ಮನೆಗೆ ತಂದು ಕನ್ನಡಿಯ ಮುಂದೆ ನಿಂತು ಹಾಕಿಕೊಂಡರು.

ಭುಜ ಸರಿಯಿತ್ತು. ತೋಳು ಸರಿಯಿತ್ತು. ಹೊಟ್ಟೆಯ ಹತ್ತಿರ ಕೋಟು ತಂಬೂರಿಯ ಗವಸಿನಂತೆ ಜೋಲುತ್ತಿತ್ತು.

ಹೆಂಡತಿ ಹೊಸ ಟೇಪು ತಂದು ಕೋಟನ್ನು ಅಳೆದಳು. ಉಸಿರಾಟಕ್ಕೆ ಬಿಡುವ ಜಾಗ ಕಳೆದರೂ ಅದು ನಲವತ್ತರ ಹೊಟ್ಟೆಗೆ ಕತ್ತರಿಸಿದ ಕೋಟಾಗಿತ್ತು. ಒಳಮೈಯಲ್ಲಿ ಸೀಮೆಸುಣ್ಣದ ಮೂವತ್ತೆಂಟು ಹಾಗೇ ಇತ್ತು.

"ಅವನ ಕೈ ತಪ್ಪೋದಿಲ್ಲ" ಎಂದರು ಮಾಸ್ತರು.

"ಕೈ ತಪ್ಪಿಲ್ಲ ಕಣ್ರಿ. ಅವರ ಆ ಹಳೇ ಟೇಪು ಎಷ್ಟು ವರ್ಷದ್ದು? ಬಟ್ಟೇದು. ಎಳೆದು ಎಳೆದು ಹಿಗ್ಗಿತ್ತು. ಅದರಲ್ಲಿ ಮೂವತ್ತೆಂಟು ಅಂದ್ರೆ ನಿಜವಾಗಿ ನಲವತ್ತು."

"ಮತ್ತೆ ಇಷ್ಟು ವರ್ಷ ಒಂದು ಬಟ್ಟೆಯೂ ಹೆಚ್ಚುಕಮ್ಮಿ ಆಗಲಿಲ್ಲವಲ್ಲ?"

"ಹೇಗಾಗತ್ತೆ? ಅಳೆದಿದ್ದೂ ಅದರಲ್ಲೇ, ಕತ್ತರಿಸಿದ್ದೂ ಅದರಲ್ಲೇ."

ಮಾಸ್ತರು ಮಂಚದ ಮೇಲೆ ಕೂತರು. ಬೀದಿಯ ಒಂದೊಂದೇ ಹೊಟ್ಟೆ ಅವರ ಕಣ್ಣ ಮುಂದೆ ಹಾದುಹೋಯಿತು. ಯಾರೂ ಒಂದು ನೂಲೂ ದಪ್ಪವಾಗಿರಲಿಲ್ಲ. ತಾವು ಕೂಡ. ಎರಡು ಇಂಚು ಇಳಿಸಬೇಕಾದಲ್ಲಿ ನಾಲ್ಕು ಇಂಚು ಇಳಿಸಿಕೊಂಡು ಕೂತಿದ್ದರು.

"ಎರಡೂ ಪಕ್ಕದಲ್ಲಿ ಒಳಗೆ ಹಿಡೀರಿ. ಅರ್ಧ ಗಂಟೆ ಕೆಲಸ" ಎಂದಳು ಹೆಂಡತಿ.

"ಅವನ ಕಟಿಂಗ್ ಮೇಲೆ ಕೈ ಹಾಕಲ್ಲ ನಾನು."

"ಸೊಪ್ಪು ಬೇಯಿಸಿ ಬೇಯಿಸಿ ನನ್ನ ಕೈ ಬಿದ್ದುಹೋಗಿದೆ. ನೀವು ಈಗ ಕಟಿಂಗ್ ಅಂತೀರಿ!"

"ಅತ್ತಿಗೆ ಕಾಜಾ ಹಾಕಿದ ಕೋಟು ಅದು. ಹೊಲಿಗೆ ಒಂದು ಗೆರೆ ಆಚೆ ಹೋದರೆ ಅವರಿಗೆ ಗೊತ್ತಾಗತ್ತೆ. ಯಾಕೆ ಅಂತ ಕೇಳ್ತಾರೆ. ಏನು ಹೇಳಲಿ? ನಿಮ್ಮ ಯಜಮಾನರು ಜೀವಮಾನವಿಡೀ ತಪ್ಪು ಟೇಪು ಹಿಡ್ಕೊಂಡಿದ್ದರು ಅಂತಲಾ? ಈ ಬೀದಿಯವರ ಬಾಯಿಗೆ ಬಿದ್ದರೆ ಅವನು ಬರೀ ಒಂದು ತಮಾಷೆ ಆಗ್ಹೋಗ್ತಾನೆ."

ಹೆಂಡತಿ ಟೇಪು ಸುತ್ತಿಟ್ಟಳು. ಆಮೇಲೆ ಅಡುಗೆಮನೆಗೆ ಹೋಗಿ ಎಣ್ಣೆಯ ಬಾಣಲೆ ಇಟ್ಟಳು.

ಹತ್ತು ದಿನದಲ್ಲಿ ಎರಡು ಇಂಚು ಬೆಳೆಸುವುದು ದೊಡ್ಡ ವಿಷಯವೇ ಅಲ್ಲ ಎಂದು ಇಬ್ಬರೂ ನಂಬಿದ್ದರು. ಆದರೆ ಇಷ್ಟು ತಿಂಗಳು ಬೈಸಿಕೊಂಡ ಹೊಟ್ಟೆ ಈಗ ಸೇಡು ತೀರಿಸಿಕೊಂಡಿತು. ಕರಿದ ಆಲೂಗಡ್ಡೆಯನ್ನು ಎರಡು ತುತ್ತು ತಿನ್ನುವಷ್ಟರಲ್ಲಿ ಸಾಕೆನ್ನುತ್ತಿತ್ತು. ಕೇಕಿನ ಮುಂದೆ ಕೂತು ಮಾಸ್ತರು ನಾಚಿಕೆಯಿಂದ ಕೇಳಿದರು, "ಸ್ವಲ್ಪ ಸೌತೆಕಾಯಿ ಇದೆಯಾ?" ಬೆಳಿಗ್ಗೆ ಮಲಗಿರಿ ಎಂದು ಹೆಂಡತಿ ಹೊದಿಕೆ ಹೊದಿಸಿದರೂ ಕಾಲು ತಾನಾಗಿ ಎದ್ದು ಚಪ್ಪಲಿ ಹುಡುಕುತ್ತಿತ್ತು. ಮದುವೆಯ ಹಿಂದಿನ ದಿನವೂ ಟೇಪು ಮೂವತ್ತೆಂಟನ್ನು ಬಿಟ್ಟು ಕದಲಲಿಲ್ಲ.

ಕೊನೆಗೆ ಹೆಂಡತಿಯೇ ತನ್ನ ಉಣ್ಣೆಯ ಶಾಲನ್ನು ಮಡಿಚಿ ಮಾಸ್ತರ ಹೊಟ್ಟೆಗೆ ಸುತ್ತಿ ಪಿನ್ನು ಹಾಕಿದಳು. ಕೋಟು ಒಂದು ಸುಕ್ಕಿಲ್ಲದೆ ಕೂತಿತು. ಕನ್ನಡಿಯಲ್ಲಿ ಹಳೆಯ ಹೊಟ್ಟೆ ಸಕಲ ವೈಭವದೊಂದಿಗೆ ಮರಳಿ ಬಂದಿತ್ತು.

"ಬ್ಯಾಂಡೇಜು ಸುತ್ತಿಸಿಕೊಂಡ ಹಾಗಿದೆ" ಎಂದರು ಮಾಸ್ತರು. "ಪಿನ್ನು ಚುಚ್ಚುತ್ತೆ."

"ಸುಮ್ನೆ ನಿಂತ್ಕೊಳ್ಳಿ. ಬಗ್ಗಬೇಡಿ. ಬಗ್ಗಿ ಗುಂಡಿ ಎತ್ತೋ ಕಾಲ ಮುಗೀತು."

ಮದುವೆಯ ಸಭಾಂಗಣದ ಬಾಗಿಲಲ್ಲಿ ಮಾಸ್ತರು ನಿಂತರು. ಬಿಸಿಲು ನೇರ ಮುಖಕ್ಕೆ ಬೀಳುತ್ತಿತ್ತು. ಶಾಲಿನೊಳಗೆ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಅತ್ತಿಗೆ ಒಳಗಿಂದ ಬಂದು ಅವರನ್ನು ಮೇಲಿಂದ ಕೆಳಗೆ ನೋಡಿದರು. ಬೆನ್ನಿನ ಮೇಲೆ ಒಮ್ಮೆ ಅಂಗೈ ಸವರಿದರು.

"ನೋಡಿ, ಒಂದು ಕೂದಲೆಳೆ ಆಚೀಚೆ ಇಲ್ಲ. ಅವರ ಅಳತೆ ಅಂದ್ರೆ ಅಳತೆ."

"ಅವನದು ಯಾವತ್ತು ತಪ್ಪಿತ್ತು ಅತ್ತಿಗೆ?" ಎಂದು ಮಾಸ್ತರು ಮುಖ ಒರೆಸಿಕೊಂಡರು. ಅಷ್ಟು ಬೆವರಿನಲ್ಲಿ ಯಾವುದು ಬೆವರೆಂದು ಕೇಳುವವರಿರಲಿಲ್ಲ.

ಆಗ ಬ್ಯಾಂಕಿನ ಸಾಹೇಬರು ಬಂದರು. ಹೊಸ ಪ್ಯಾಂಟು, ತೆಳ್ಳಗಿನ ಸೊಂಟ. ಅವರ ಹಿಂದೆ ಔಷಧಿ ಅಂಗಡಿಯವರು, ಹೆಡ್‌ಮಾಸ್ತರು. ಎಲ್ಲರ ಕಣ್ಣೂ ಒಂದೇ ಕಡೆ ಹೋಗಿ ನಿಂತಿತು.

"ಏನು ಮಾಸ್ತರೇ!" ಎಂದರು ಸಾಹೇಬರು. "ನೀವು ಹೇಳಿದ್ರಿ ಅಂತ ನಾವೆಲ್ಲ ಇಳಿದ್ವಿ. ನಿಮ್ಮದು ಎಲ್ಲಿತ್ತೋ ಅಲ್ಲೇ ಇದೆಯಲ್ಲ?"

"ಮನೆಗೆ ಹೋಗಿ ಏನು ಬಾರಿಸ್ತಿದ್ದರೋ" ಎಂದರು ಔಷಧಿ ಅಂಗಡಿಯವರು.

"ಬೋಧನೆ ಬೇರೆ, ಸಾಧನೆ ಬೇರೆ" ಎಂದು ಹೆಡ್‌ಮಾಸ್ತರು ತೀರ್ಪು ಕೊಟ್ಟರು.

ಮಾಸ್ತರ ಕೈ ತಾನಾಗಿ ಮೇಲಿನ ಗುಂಡಿಗೆ ಹೋಯಿತು. ಎರಡು ಗುಂಡಿ, ನಾಲ್ಕು ಪಿನ್ನು ಬಿಚ್ಚಿ ಶಾಲು ತೋರಿಸಿದರೆ ಸಾಕಿತ್ತು. ಪಕ್ಕದಲ್ಲಿ ಅತ್ತಿಗೆ ಕೋಟಿನ ತೋಳಿಗೆ ಅಂಟಿದ್ದ ದಾರದ ಎಳೆಯೊಂದನ್ನು ಮೆಲ್ಲಗೆ ತೆಗೆಯುತ್ತಿದ್ದರು.

ಸಾಹೇಬರು ಕನಿಕರದಿಂದ ಮಾಸ್ತರ ಹೊಟ್ಟೆಯನ್ನು ತಟ್ಟಿದರು. ಅದು ಬಹಳ ಮೆತ್ತಗಿತ್ತು. "ಬೇಜಾರು ಮಾಡ್ಕೋಬೇಡಿ. ನಾಳೆಯಿಂದ ನನ್ನ ಜೊತೆ ಬನ್ನಿ. ಹೇಗೆ ನಡೀಬೇಕು ಅಂತ ನಾನು ಹೇಳಿಕೊಡ್ತೀನಿ."

ಮಾಸ್ತರು ಗುಂಡಿಯನ್ನು ಇನ್ನಷ್ಟು ಭದ್ರ ಮಾಡಿಕೊಂಡರು.

"ಎಷ್ಟು ಗಂಟೆಗೆ ಬರಲಿ ಸಾರ್?" ಎಂದರು.