ನಲವತ್ತನೇ ಮನೆ

ನಾನು ದೀಪ ಆರಿಸುತ್ತೇನೆ ಎಂಬುದು ನಮ್ಮ ಮನೆಯಲ್ಲಿ ನನ್ನ ಮೇಲಿರುವ ದೊಡ್ಡ ಆರೋಪ. ಜನ ಹೊರಗೆ ಹೋದ ಮೇಲೆ ಆರಿಸಿದರೆ ಸರಿ, ಇವರು ಜನ ಒಳಗಿರುವಾಗಲೇ ಆರಿಸುತ್ತಾರೆ ಎಂದು ಹೆಂಡತಿಯ ತಕರಾರು. (ಅತ್ತೆಯವರು ಬಚ್ಚಲುಮನೆಯಲ್ಲಿದ್ದಾಗ ಒಮ್ಮೆ ಹಾಗಾದದ್ದು ನಿಜ. ಅಂದಿನಿಂದ ಅವರು ನಮ್ಮ ಮನೆಗೆ ಬರುವಾಗಲೆಲ್ಲ ಕೈಚೀಲದಲ್ಲಿ ಟಾರ್ಚು ಇಟ್ಟುಕೊಂಡೇ ಬರುತ್ತಾರೆ.) ಆದರೆ ನಾನೇನು ಮಾಡಲಿ, ಉಳಿತಾಯವೇ ನನಗೆ ಅನ್ನ ಹಾಕುತ್ತಿತ್ತು.

ವಿದ್ಯುತ್ ಕಂಪನಿಯಲ್ಲಿ ನನ್ನದು ಉಳಿತಾಯ ವಿಭಾಗ. ಕರೆಂಟು ಮಾರುವವರೇ ಕರೆಂಟು ಉಳಿಸಿ ಎನ್ನುವುದೇಕೆ ಎಂದು ನೀವು ಕೇಳಬಹುದು. ನಾನು ಈ ವಿಭಾಗಕ್ಕೆ ಬಂದ ವಾರವೇ ನನ್ನ ಹೆಂಡತಿ ಕೇಳಿದ್ದಳು. ಹೊಸ ವಿದ್ಯುತ್ ಸ್ಥಾವರ ಕಟ್ಟುವುದಕ್ಕಿಂತ ಜನರ ಹಳೇ ಫ್ರಿಜ್ಜುಗಳನ್ನು ಬದಲಿಸುವುದು ಅಗ್ಗ, ಅದಕ್ಕೆ. ಹಳೆಯದನ್ನು ಒಪ್ಪಿಸಿದವರಿಗೆ ಕಡಿಮೆ ಕರೆಂಟು ಕುಡಿಯುವ ಹೊಸ ಫ್ರಿಜ್ ರಿಯಾಯಿತಿಯಲ್ಲಿ ಸಿಗುತ್ತದೆ. ಈ ಮಹಾಯೋಜನೆಯ ಜನಕ, ಪೋಷಕ, ಗುಮಾಸ್ತ ಎಲ್ಲವೂ ನಾನೇ.

ವರ್ಷವಾದ ಮೇಲೆ ದೊಡ್ಡ ಸಾಹೇಬರು ಕರೆಸಿದರು. "ಕಂಪನಿ ಒಂದು ರೂಪಾಯಿ ಹಾಕಿದರೆ ಒಂದು ರೂಪಾಯಿಯ ಉಳಿತಾಯವಾದರೂ ವಾಪಸ್ ಬರಬೇಕು. ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿಸಿ. ಒಂದಕ್ಕಿಂತ ಕೆಳಗಿಳಿದರೆ ಯೋಜನೆ ಮುಚ್ಚೋಣ, ನೀವು ಮತ್ತೆ ದೂರು ಕೌಂಟರಿಗೆ ಹೋಗಿ" ಎಂದರು.

ದೂರು ಕೌಂಟರಿನಲ್ಲಿ ನಾನು ಹನ್ನೊಂದು ವರ್ಷ ಸವೆದಿದ್ದೆ. ಮನೆಯಲ್ಲಿ ಕರೆಂಟು ಹೋದವರೆಲ್ಲ ಬಂದು, ಅದನ್ನು ನಾನೇ ಜೇಬಿನಲ್ಲಿಟ್ಟುಕೊಂಡಿದ್ದೇನೆ ಎಂಬಂತೆ ಬೈದು ಹೋಗುವ ಜಾಗ ಅದು. ಮತ್ತೆ ಅಲ್ಲಿಗೆ ಹೋಗುವುದನ್ನು ನೆನೆದರೆ ನನಗೆ ನಿಜಕ್ಕೂ ಭಯವಾಗುತ್ತಿತ್ತು.

ಹಾಗಾಗಿ ಸಮೀಕ್ಷೆಯ ಕೈಪಿಡಿಯನ್ನು ನಾನೇ ಕೂತು ಬರೆದೆ, ಯಾರೂ ಬೆರಳು ತೋರಿಸದ ಹಾಗೆ. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ, ನಿಜವನ್ನೇ ಹೇಳಬೇಕು ಎಂದು. ರಿಯಾಯಿತಿ ಪಡೆದವರಲ್ಲಿ ಚೀಟಿ ಎತ್ತಿ ನಲವತ್ತು ಮನೆ ಆರಿಸಬೇಕು, ಬಂದ ಮನೆಯನ್ನು ಯಾವ ಕಾರಣಕ್ಕೂ ಬಿಡುವಂತಿಲ್ಲ. ಫ್ರಿಜ್ಜನ್ನು ಹೆಚ್ಚು ಬಳಸುವವರೇ ಉತ್ತರಿಸಬೇಕು, ಮನೆಯ ಮಿಕ್ಕವರು ಬಾಯಿ ತೆರೆಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ರಿಯಾಯಿತಿ ಇಲ್ಲದಿದ್ದರೂ ಈ ಫ್ರಿಜ್ ಕೊಳ್ಳುತ್ತಿದ್ದಿರಾ ಎಂಬುದು. ಹೌದು ಎಂದರೆ ಆ ಮನೆಯ ಉಳಿತಾಯ ನಮ್ಮ ಲೆಕ್ಕದಲ್ಲಿ ಸೊನ್ನೆ. ಹೇಗೂ ಆಗುವುದಿದ್ದ ಕೆಲಸಕ್ಕೆ ಕಂಪನಿ ಬೆನ್ನು ತಟ್ಟಿಕೊಳ್ಳಬಾರದಲ್ಲ. (ಈ ಪ್ರಶ್ನೆ ಹೊಳೆದ ದಿನ ನಾನು ಮಾತ್ರ ನನ್ನ ಬೆನ್ನು ತಟ್ಟಿಕೊಂಡೆ.)

ಮೂವತ್ತೊಂಬತ್ತು ಮನೆ ಮುಗಿದಾಗ ರೂಪಾಯಿಗೆ ವಾಪಸ್ ಬರುವ ಅಂಕಿ ಒಂದಕ್ಕಿಂತ ಚೂರೇ ಚೂರು ಮೇಲಿತ್ತು. ನಲವತ್ತನೇ ಚೀಟಿಯಲ್ಲಿ ನಮ್ಮ ಮನೆಯ ವಿಳಾಸ ಬಂತು.

"ಬೇರೆ ಚೀಟಿ ಎತ್ತೋಣ" ಎಂದೆ, ಮರ್ಯಾದೆಗೆ. ಸಮೀಕ್ಷೆ ಮಾಡುತ್ತಿದ್ದವರು ಮೀಟರಮ್ಮ. ಮೂವತ್ತು ವರ್ಷ ಮನೆಮನೆಯ ಮೀಟರು ಓದಿ ಇನ್ನೇನು ನಿವೃತ್ತಿಯಾಗಲಿದ್ದವರು. ಆಫೀಸಿನಲ್ಲಿ ಯಾರೂ ಅವರನ್ನು ಬೇರೆ ಹೆಸರಿನಿಂದ ಕರೆದದ್ದಿಲ್ಲ. ಅವರು ಕೈಪಿಡಿ ತೆರೆದು ತೋರಿಸಿದರು. "ಪುಟ ನಾಲ್ಕು ಸಾರ್. ಯಾವ ಕಾರಣಕ್ಕೂ ಅಂತ ನೀವೇ ಬರೆದಿದ್ದೀರಿ."

ಒಳಗೊಳಗೇ ನನಗೆ ಹಿಗ್ಗು. ನಮ್ಮ ಮನೆಯಷ್ಟು ಭದ್ರವಾದ ಸಾಕ್ಷಿ ಇನ್ನೆಲ್ಲಿತ್ತು? ನಮ್ಮ ಹಳೇ ಫ್ರಿಜ್ಜಿನ ಬಾಗಿಲು ಮುಚ್ಚಿ ನಿಲ್ಲುತ್ತಿರಲಿಲ್ಲ, ನನ್ನ ಬೆಲ್ಟು ಬಿಗಿದು ನಿಲ್ಲಿಸಿದ್ದೆವು. ನಾನು ಬೆಲ್ಟು ಹಾಕಿಕೊಂಡು ಹೋದ ದಿನ ಮನೆಯಲ್ಲಿ ಹಾಲು ಒಡೆಯುತ್ತಿತ್ತು. ಬಿಟ್ಟು ಹೋದ ದಿನ ಆಫೀಸಿನಲ್ಲಿ ನಾನು ಒಂದು ಕೈಯಲ್ಲಿ ಪ್ಯಾಂಟು ಹಿಡಿದು, ಇನ್ನೊಂದು ಕೈಯಲ್ಲಿ ಕಂಪನಿಯ ಸೇವೆ ಮಾಡುತ್ತಿದ್ದೆ. (ಎರಡನೇ ಬೆಲ್ಟು ಕೊಳ್ಳುವುದು ದುಂದು.) ಆರು ವರ್ಷ ಹೆಂಡತಿ ಹೊಸ ಫ್ರಿಜ್ ಕೇಳಿದಳು, ಆರು ವರ್ಷ ನಾನು "ಇನ್ನೂ ಓಡ್ತಿದೆಯಲ್ಲ" ಎಂದೆ. ಕೊನೆಗೆ ರಿಯಾಯಿತಿಯ ಅರ್ಜಿ ತಂದು, ಅರ್ಧ ರಾಜ್ಯ ದಾನ ಮಾಡುವ ಗತ್ತಿನಲ್ಲಿ ಅವಳ ಕೈಗಿತ್ತಾಗ ಅವಳು ಕಣ್ಣರಳಿಸಿ "ಹೌದೇನ್ರೀ" ಎಂದಿದ್ದಳು. ಇದಕ್ಕಿಂತ ಪುರಾವೆ ಬೇಕೆ?

ಶನಿವಾರ ಬೆಳಿಗ್ಗೆ ಮೀಟರಮ್ಮ ಬಂದರು. ಅವರೂ ಹೆಂಡತಿಯೂ ಊಟದ ಮೇಜಿನ ಎದುರುಬದುರು ಕೂತರು. ನಾನು ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಮೌನವ್ರತ ಹಿಡಿದೆ.

"ಹಳೇ ಫ್ರಿಜ್ ಒಪ್ಪಿಸಿದ್ರಾ ಅಮ್ಮಾ?"

"ಒಪ್ಪಿಸಿದ್ವಿ. ಇವರು ಬೆಲ್ಟು ಬಿಚ್ಚಿಕೊಂಡ್ರು, ಅವರು ಎತ್ಕೊಂಡು ಹೋದ್ರು."

"ರಿಯಾಯಿತಿ ಇಲ್ದಿದ್ರೂ ಈ ಫ್ರಿಜ್ ತಗೋತಿದ್ರಾ?"

ಹೆಂಡತಿ ನನ್ನ ಕಡೆ ನೋಡಿದಳು. ನಾನು ಧೈರ್ಯ ತುಂಬುವಂತೆ ಮುಗುಳ್ನಕ್ಕೆ.

"ನಿಜ ಹೇಳಬೇಕಾ?" ಎಂದಳು.

"ಪುಟ ಒಂದು" ಎಂದರು ಮೀಟರಮ್ಮ.

"ತಗೋತಿದ್ದೆ ಏನು, ತಗೊಂಡೇ ಆಗಿತ್ತು. ರಿಯಾಯಿತಿ ಸುದ್ದಿ ಬರೋಕೆ ಎರಡು ವಾರ ಮುಂಚೆನೇ ಅಂಗಡಿಗೆ ಮುಂಗಡ ಕೊಟ್ಟುಬಿಟ್ಟಿದ್ದೆ. ಇವರಿಗೆ ಹೇಗಪ್ಪಾ ಹೇಳೋದು ಅಂತ ಯೋಚಿಸ್ತಿದ್ದಾಗ ಇವರೇ ಅರ್ಜಿ ಹಿಡ್ಕೊಂಡು ಬಂದ್ರು."

ನಾನು ಸ್ಟೂಲಿನಿಂದ ಎದ್ದೆ. "ಅಲ್ಲ ಕಣೇ, ನೀನು..."

"ಪುಟ ಹನ್ನೊಂದು ಸಾರ್. ಮಿಕ್ಕವರು ಬಾಯಿ ತೆರೆಯೋ ಹಾಗಿಲ್ಲ." ನಾನು ಕೂತೆ.

ಸೊನ್ನೆ ಬಿತ್ತು. ಮನಸ್ಸಿನಲ್ಲೇ ಕೂಡಿ ಭಾಗಿಸಿ ನೋಡಿದೆ. ಈ ಸೊನ್ನೆ ಸೇರಿದರೂ ಅಂಕಿ ಸರಿಯಾಗಿ ಒಂದಕ್ಕೆ ನಿಲ್ಲುತ್ತಿತ್ತು. ಹೋದ ಉಸಿರು ಮರಳಿತು. ಉಳಿದದ್ದು ಒಂದೇ ಪ್ರಶ್ನೆ, ಕೈಪಿಡಿ ತೆಳ್ಳಗೆ ಕಾಣುತ್ತದೆ ಎಂದು ನಾನು ಕೊನೇ ಗಳಿಗೆಯಲ್ಲಿ ಸೇರಿಸಿದ್ದು.

"ರಿಯಾಯಿತಿಯಿಂದ ಉಳಿದ ದುಡ್ಡಲ್ಲಿ ಕರೆಂಟಿನ ಸಾಮಾನು ಬೇರೆ ಏನಾದ್ರೂ ತಗೊಂಡ್ರಾ?"

"ಹೀಟರ್ ತಗೊಂಡೆ, ದೊಡ್ಡದು. ಇವರಿಗೆ ಮೊಣಕಾಲು ನೋವು. ಚಳಿಗೆ ಎದ್ದು ಓಡಾಡೋಕೇ ಆಗ್ತಿರಲಿಲ್ಲ, ಪಾಪ."

"ದಿನಕ್ಕೆ ಎಷ್ಟು ಹೊತ್ತು ಉರಿಯುತ್ತೆ?"

"ಇವರು ಮನೇಲಿರೋಷ್ಟು ಹೊತ್ತೂ. ದೀಪ ಎಲ್ಲಾ ಆರಿಸಿ ಬಂದು ಅದರ ಮುಂದೆ ಕೂರ್ತಾರೆ."

ಆ ಹೀಟರು ಅತ್ತೆಯವರ ಉಡುಗೊರೆ ಎಂದು ನಾನು ತಿಳಿದಿದ್ದೆ. (ಉಡುಗೊರೆ ಎಷ್ಟು ಕರೆಂಟು ಕುಡಿಯುತ್ತದೆ ಎಂದು ನೋಡುವುದು ಸಭ್ಯತೆಯಲ್ಲ.) ಮೀಟರಮ್ಮ ಹೀಟರಿನ ಹಿಂದೆ ಬಗ್ಗಿ ಏನನ್ನೋ ಬರೆದುಕೊಂಡರು, ಕ್ಯಾಲ್ಕುಲೇಟರ್ ಒತ್ತಿದರು, ನಂಬಲಾಗದೆ ಇನ್ನೊಮ್ಮೆ ಒತ್ತಿದರು. ಹೊಸ ಫ್ರಿಜ್ ವರ್ಷವಿಡೀ ಉಳಿಸಿದ್ದರ ಎರಡರಷ್ಟನ್ನು ನನ್ನ ಮೊಣಕಾಲುಗಳು ಒಂದೇ ಚಳಿಗಾಲದಲ್ಲಿ ಮುಗಿಸಿದ್ದವು. ನಮ್ಮ ಮನೆಯ ಸಾಲಿನಲ್ಲಿ ಸೊನ್ನೆಯೂ ಉಳಿಯಲಿಲ್ಲ, ಋಣಚಿಹ್ನೆ ಬಂದು ಕೂತಿತು. ಯೋಜನೆಯ ಅಂತಿಮ ಅಂಕಿ ಸೊನ್ನೆ ದಶಾಂಶ ಒಂಬತ್ತು ಐದು.

"ಕೈಪಿಡಿ ಚೆನ್ನಾಗಿ ಬರೆದಿದ್ದೀರಿ ಸಾರ್. ಏನೂ ತಪ್ಪಿಸಿಕೊಳ್ಳಲ್ಲ" ಎಂದು ಹೇಳಿ ಮೀಟರಮ್ಮ ಚಪ್ಪಲಿ ಮೆಟ್ಟಿಕೊಂಡರು.

"ಮುಂಗಡ ಕೊಟ್ಟದ್ದು ನನಗ್ಯಾಕೆ ಹೇಳಲಿಲ್ಲ?" ಎಂದು ಹೆಂಡತಿಯನ್ನು ಕೇಳಿದೆ.

"ಆ ಅರ್ಜಿ ತಂದಾಗ ಎಷ್ಟು ಖುಷಿಯಾಗಿದ್ರಿ. ಕೆಡಿಸೋಕೆ ಮನಸ್ಸು ಬರಲಿಲ್ಲ."

ಸಿಟ್ಟು ಮಾಡಿಕೊಳ್ಳೋಣವೆಂದರೆ ಆಗಲಿಲ್ಲ. ಅವಳ ಮೇಲೆ ಪ್ರೀತಿಯೇ ಬಂತು. ಜೊತೆಗೆ ಒಂದು ಸಂಶಯವೂ ಬಂತು. ಈ ಮನೆಯಲ್ಲಿ ನಾನು ಮಾಡಿದೆ ಅಂದುಕೊಂಡದ್ದೆಲ್ಲ ಹೀಗೇ ಇರಬಹುದೇ? ನನ್ನ ಪ್ರಶ್ನೆಯನ್ನೇ ಸ್ವಲ್ಪ ತಿದ್ದಿ ಕೇಳಿದೆ. "ನಾನು ಇಲ್ಲದಿದ್ದರೂ ಈ ಮನೆ ನಡೀತಿತ್ತಾ?"

"ನಿಜ ಹೇಳಬೇಕಾ?"

"ಪುಟ ಒಂದು" ಎಂದೆ.

ಅವಳು ಸಮಾಧಾನವಾಗಿ ಬೆರಳು ಮಡಿಸಿ ಎಣಿಸಿದಳು. "ಮಗಳ ಶಾಲೆ ನಾನೇ ಹುಡುಕಿದ್ದು. ಸೋರೋ ನಲ್ಲಿಗೆ ನಾನೇ ಜನ ಕರೆಸಿದ್ದು. ಈ ಮನೆ ನೀವು ಬೇಡ ಅಂದಿದ್ರಿ." ನನ್ನ ಮುಖ ನೋಡಿ ಅವಳಿಗೆ ಕನಿಕರವಾಗಿರಬೇಕು. "ಬೆಲ್ಟು ಮಾತ್ರ ನಿಮ್ಮದೇ ರೀ. ಅದಿಲ್ಲದಿದ್ರೆ ಆರು ವರ್ಷ ಆ ಬಾಗಿಲು ನಿಲ್ತಿರಲಿಲ್ಲ."

ನಾನು ಚೇತರಿಸಿಕೊಳ್ಳುವಷ್ಟರಲ್ಲಿ ಅವಳು ಇನ್ನೊಂದು ಬೆರಳು ಮಡಿಸಿದಳು. "ಆದ್ರೆ ನೀವಿಲ್ಲದಿದ್ರೆ ಆ ಫ್ರಿಜ್ಜೇ ಆರು ವರ್ಷ ಮುಂಚೆ ಹೋಗಿರ್ತಿತ್ತಲ್ಲ."

ಯೋಜನೆ ಮುಚ್ಚಿದರು. ಮುಂದಿನ ವಾರ ನಾನು ಬೆಲ್ಟು ಬಿಗಿದುಕೊಂಡು ದೂರು ಕೌಂಟರಿನಲ್ಲಿ ಕೂತೆ. ಮೊದಲು ಬಂದವರು ನನ್ನದೇ ವಯಸ್ಸಿನ ಒಬ್ಬ ದರ್ಜಿ. "ಆ ಫ್ರಿಜ್ ರಿಯಾಯಿತಿ ಯಾಕ್ರೀ ನಿಲ್ಲಿಸಿದ್ರಿ? ಅದಿಲ್ಲದೆ ನಾನು ಹೊಸದು ತಗೊಳ್ಳೋ ಮಾತೇ ಇಲ್ಲ" ಎಂದು ಜೋರು ಮಾಡಿದರು. ಒಂದು ಕೈಯಲ್ಲಿ ಅರ್ಜಿ ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದಿದ್ದರು.

ನನ್ನ ಬೆಲ್ಟು ಬಿಚ್ಚಿ ಕಿಟಕಿಯಿಂದ ಆಚೆ ಕೊಟ್ಟೆ. ಅಂದು ಸಂಜೆಯವರೆಗೆ ಬಂದ ದೂರುಗಳನ್ನೆಲ್ಲ ಒಂದೇ ಕೈಯಲ್ಲಿ ನಿಭಾಯಿಸಿದೆ.