ತಪ್ಪು ಹುಡುಕುವ ಯಂತ್ರಕ್ಕೆ ಮಹಡಿ ಒರೆಸುವವಳ ಅರಿಕೆ

ಇಂಗ್ಲಿಷ್ ಪರೀಕ್ಷಾ ಯಂತ್ರ ಮಹಾಶಯರ ದಿವ್ಯ ಸನ್ನಿಧಾನಕ್ಕೆ,
ತರಬೇತಿ ಕೋಣೆ, ಎರಡನೇ ಮಹಡಿ, ಕೆ.ಆರ್. ಪುರದ ಗಾಜಿನ ಕಟ್ಟಡ.

ಮಾನ್ಯರೇ,

ಮರ್ಫಿ ಟೌನಿನ ಬಾಡಿಗೆ ಕೋಣೆಯಿಂದ ಉಮಾಶ್ರೀ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದು ಬರೆದಿದ್ದೇನೆಯೇ ಹೊರತು, ಮೊಣಕಾಲು ಮಡಚಲು ಬರದ ಕಾರಣ ಅದನ್ನು ನಿಂತೇ ಮಾಡಿದ್ದೇನೆ, ದೊಡ್ಡ ಮನಸ್ಸಿನಿಂದ ಸ್ವೀಕರಿಸಬೇಕು. ತಮ್ಮ ಬ್ಯಾಟರಿ ಸದಾ ತುಂಬಿರಲಿ, ತಮ್ಮ ಗಾಜಿನ ಮುಖಕ್ಕೆ ಯಾರ ಎಣ್ಣೆಗೈಯೂ ತಾಗದಿರಲಿ ಎಂದು ಹಾರೈಸುತ್ತೇನೆ. ತಾಗಿದರೂ ಚಿಂತೆ ಬೇಡ, ಒರೆಸುವವಳು ನಾನೇ.

ನನ್ನ ಪರಿಚಯ ತಮಗೆ ಇರಲಾರದು. ಮೂರು ಸಲ ನನ್ನನ್ನು ಅನುತ್ತೀರ್ಣಗೊಳಿಸಿದ್ದೀರಾದರೂ ದೊಡ್ಡವರಿಗೆ ಎಲ್ಲರ ನೆನಪೂ ಇರಬೇಕೆಂದು ಬಯಸುವುದು ತಪ್ಪಾಗುತ್ತದೆ. ಚಿತ್ತಾಪುರದ ಕಡೆಯ ನಾನು ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿದವಳು. ತಾವು ವಿರಾಜಮಾನರಾಗಿರುವ ಕಟ್ಟಡದಲ್ಲಿ ಹನ್ನೊಂದು ವರ್ಷದಿಂದ ನೆಲ ಒರೆಸುತ್ತಿದ್ದೇನೆ. ಕಟ್ಟಡದ ತುಂಬ ಕುರ್ಚಿಗಳಿವೆ, ಬೆನ್ನಿಗೆ ಒತ್ತುಕೊಡುವವು, ಗಿರಗಿರ ತಿರುಗುವವು, ಕಾಲಿಗೆ ಬೇರೆ ಪೀಠವಿರುವವು. ಅವನ್ನೆಲ್ಲ ನಾನು ದಿನಕ್ಕೆ ಎರಡು ಸಲ ಒರೆಸುತ್ತೇನೆ, ಕೂರುವಂತಿಲ್ಲ. ನಮ್ಮ ಪೈಕಿ ಕೂರಲು ಅನುಮತಿ ಇರುವುದು ಒಬ್ಬರಿಗೇ, ಸೂಪರ್‌ವೈಸರಿಗೆ. ಮೆಟ್ಟಿಲ ಕೆಳಗೆ ಅವರಿಗೊಂದು ಪ್ಲಾಸ್ಟಿಕ್ ಕುರ್ಚಿ ಇದೆ. ನನ್ನ ಎರಡೂ ಮೊಣಕಾಲು ಸವೆದಿವೆ, ಇನ್ನು ನಿಂತು ಮಾಡುವ ಕೆಲಸ ಸಾಕು ಎಂದು ಹಲಸೂರಿನ ಡಾಕ್ಟರು ಹೇಳಿದ ಮೇಲೆ, ನನಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಆ ಕುರ್ಚಿಯೊಂದೇ. ರಸೆಲ್ ಮಾರುಕಟ್ಟೆಯಲ್ಲಿ ಮೂಟೆ ಹೊರುವ ನನ್ನ ಗಂಡ ಲಕ್ಷ್ಮಿಕಾಂತ, "ಕುರ್ಚಿ ಬೇಕಂದ್ರ ಎಲೆಕ್ಷನ್‌ಗೆ ನಿಂದ್ರು, ಪರೀಕ್ಷಾ ಯಾಕ ಬರೀತಿ?" ಎಂದು ಗೇಲಿ ಮಾಡಿದ. ಅವನ ಮಾತು ಕೇಳಬೇಕಿತ್ತು.

ಹಳೆಯ ಸೂಪರ್‌ವೈಸರ್ ಆಂಜನಮ್ಮನವರು ನಿವೃತ್ತರಾದಾಗ ಆ ಜಾಗ ನನ್ನದೇ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ನಮ್ಮ ಏಜೆನ್ಸಿಯವರಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಗಿ, ಸೂಪರ್‌ವೈಸರಾಗುವವರು ಇಂಗ್ಲಿಷ್ ವಾಕ್ಯದಲ್ಲಿ ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಾಣಿಕೆ ಇದೆಯೋ ಇಲ್ಲವೋ ಕಂಡುಹಿಡಿಯಬೇಕೆಂದು ತಮ್ಮನ್ನು ಬರಮಾಡಿಕೊಂಡರು. ವಾಕ್ಯಗಳು ಕೆಲಸಕ್ಕೆ ಸಂಬಂಧಿಸಿರಲಿ ಎಂಬ ಘನ ಉದ್ದೇಶದಿಂದ ನಮ್ಮದೇ ಕಟ್ಟಡದ ದೂರು ಪುಸ್ತಕವನ್ನು ತಮಗೆ ಉಣಿಸಿದರು. ವರ್ಷಗಟ್ಟಲೆ ಯಾರೂ ತೆರೆಯದ ಆ ಪುಸ್ತಕವನ್ನು ಕಡೆಗೂ ಓದಿದವರು ತಾವು. ಓದಿ, ಅದರ ದೂರುಗಳಲ್ಲಿ ವ್ಯಾಕರಣ ಎಲ್ಲಿ ಕೆಟ್ಟಿದೆ ಎಂದು ಹುಡುಕಿದಿರಿ. ನಲ್ಲಿ ಎಲ್ಲಿ ಕೆಟ್ಟಿದೆ ಎಂದು ಹುಡುಕುವ ಸಣ್ಣ ಬುದ್ಧಿ ತಮ್ಮದಲ್ಲ.

ಮೊದಲ ಸಲ ಆದದ್ದನ್ನು ನಾಚಿಕೆ ಬಿಟ್ಟು ಹೇಳುತ್ತೇನೆ. ನಮ್ಮ ಕೆಲಸದಲ್ಲಿ ರೌಂಡ್ ಎಂಬುದೊಂದಿದೆ. ಗಂಟೆಗೊಮ್ಮೆ ಮಹಡಿ ಸುತ್ತಿ, ಬಾಗಿಲ ಹಿಂದಿನ ಕಾರ್ಡಿನಲ್ಲಿ ನಮ್ಮ ನಂಬರಿನ ಮುಂದೆ 'ಸರಿ ಇದೆ' ಅಥವಾ 'ತಪ್ಪಿದೆ' ಎಂದು ಗುರುತು ಹಾಕಬೇಕು. "ಕಣ್ಣಲ್ಲಿ ನೋಡ್ದೆ ಟಿಕ್ ಹಾಕ್ಬೇಡ ಕಣೆ, ನಾಳೆ ಯಾರಿಗಾದ್ರೂ ಏನಾದ್ರೂ ಆದ್ರೆ ಆ ನಂಬರ್ ನಿಂದೇ" ಎಂದು ಆಂಜನಮ್ಮನವರು ಮೊದಲ ದಿನವೇ ಕಲಿಸಿದ್ದರು. ತಾವೂ ಪ್ರತಿ ವಾಕ್ಯದ ಕೆಳಗೆ ನನ್ನ ನಂಬರು ತೋರಿಸಿ, ತಪ್ಪಿದೆಯೋ ತಪ್ಪಿಲ್ಲವೋ ಎಂದು ಕೇಳಿದಿರಿ. 'ನೀದರ್ ಆಫ್ ದ ಲಿಫ್ಟ್ಸ್ ಆರ್ ವರ್ಕಿಂಗ್' ಎಂದು ಬಂತು, ಎಂದರೆ ಎರಡು ಲಿಫ್ಟುಗಳಲ್ಲಿ ಒಂದೂ ಓಡುತ್ತಿಲ್ಲ. ನಾನು ಎದ್ದು ಹೋಗಿ ನೋಡಿದೆ. ಒಂದು ಓಡುತ್ತಿತ್ತು. ವಾಪಸು ಬಂದು 'ತಪ್ಪಿದೆ' ಒತ್ತಿದೆ, ತಾವು ಹಸಿರು ದೀಪ ತೋರಿಸಿದಿರಿ. ಎಷ್ಟು ನಿಷ್ಠೆಯ ಯಂತ್ರವಪ್ಪಾ ಎಂದು ನನ್ನ ಕಣ್ಣು ತುಂಬಿತು. ಮುಂದಿನದು 'ಈಚ್ ಆಫ್ ದ ಟ್ಯಾಪ್ಸ್ ಆರ್ ಲೀಕಿಂಗ್', ಎಂದರೆ ಒಂದೊಂದು ನಲ್ಲಿಯೂ ಸೋರುತ್ತಿದೆ. ಮೂರನೇ ಮಹಡಿಗೆ ಹತ್ತಿ ನಾಲ್ಕೂ ನಲ್ಲಿಯ ಕೆಳಗೆ ಕೈಯಿಟ್ಟು ನೋಡಿದೆ, ನಾಲ್ಕೂ ಸೋರುತ್ತಿದ್ದವು. 'ತಪ್ಪಿಲ್ಲ' ಎಂದು ಒತ್ತಿದರೆ ತಾವು ಕೆಂಪಾದಿರಿ. ತಮಗೆ ಅನುಮಾನವಿರಬೇಕೆಂದು ಇನ್ನೊಮ್ಮೆ ಹೋಗಿ ನೋಡಿಬಂದೆ. ಹೀಗೆ ನಲವತ್ತರಲ್ಲಿ ಒಂಬತ್ತು ವಾಕ್ಯಗಳಿಗೆ ಮಹಡಿ ಹತ್ತಿ ಇಳಿಯುವಷ್ಟರಲ್ಲಿ ಸಮಯ ಮುಗಿಯಿತು. ಅಭ್ಯರ್ಥಿಗೆ ಏಕಾಗ್ರತೆ ಸಾಲದು ಎಂದು ತಾವು ವರದಿ ಬರೆದಿರಿ.

ಎರಡನೇ ಸಲಕ್ಕೆ ಗುರುಗಳನ್ನು ಹಿಡಿದೆ. ಇಂದಿರಾನಗರದ ವಿಮಾ ನೌಕರರ ಕಾಲನಿಯಲ್ಲಿ ಭಾನುವಾರ ನಾನು ಕೆಲಸಕ್ಕೆ ಹೋಗುವ ಮನೆಯ ಯಜಮಾನರು ಹಯಗ್ರೀವ ರಾಯರು. ಬಂದ ಮದುವೆ ಕರೆಯೋಲೆಯಲ್ಲೂ ಕೆಂಪು ಪೆನ್ನಿನಿಂದ ತಪ್ಪು ಸುತ್ತುವ ಮಹನೀಯರು. ಒಬ್ಬರಿದ್ದರೆ 'ಹ್ಯಾಸ್', ಹಲವರಿದ್ದರೆ 'ಹ್ಯಾವ್', 'ಈಚ್' 'ನೀದರ್' ಬಂದರೆ 'ಆರ್' ಅಲ್ಲ 'ಇಸ್', ನಡುವೆ ಯಾರು ಬಂದು ನಿಂತರೂ ತಲೆ ಕೆಡಿಸಿಕೊಳ್ಳಬೇಡ ಎಂದು ಎರಡು ತಿಂಗಳು ತಲೆಗೆ ತುಂಬಿದರು. ಎಲ್ಲ ಬಂತು. ಆದರೆ ತಾವು 'ದ ಮ್ಯಾನೇಜರ್ ಹ್ಯಾವ್ ಅರೈವ್ಡ್' ಎಂದು ಕೊಟ್ಟಾಗ ನಾನು ಬಾಗಿಲ ಕಡೆ ತಿರುಗಿ ನೋಡಿದೆ. ನಮ್ಮ ಮ್ಯಾನೇಜರು ಒಬ್ಬರೇ, ನಿಜ. ಹಾಗೆಂದು ಅವರನ್ನು ಒಬ್ಬನೇ ಎಂದು ಲೆಕ್ಕ ಹಿಡಿದು 'ಹ್ಯಾಸ್' ಎಂದರೆ, ಮ್ಯಾನೇಜರ್ ಬಂದಿದ್ದಾನೆ ಎಂದಂತಾಗುವುದಿಲ್ಲವೇ? ಅವರು ಬಾಗಿಲಲ್ಲೇ ನಿಂತಿದ್ದರು. ಬಂದಿದ್ದಾರೆ ಎಂದೇ ಇರಲಿ ಎಂದು 'ತಪ್ಪಿಲ್ಲ' ಒತ್ತಿದೆ. ನಿರ್ದೇಶಕರು, ಡಾಕ್ಟರು, ಅತಿಥಿಗಳು ಎಲ್ಲರಿಗೂ ಹಾಗೆಯೇ ಮರ್ಯಾದೆ ಕೊಟ್ಟು ಆರು ಅಂಕ ಕಳೆದುಕೊಂಡೆ. ಈ ಪತ್ರದಲ್ಲಿ ತಮ್ಮನ್ನೂ ಬಹುವಚನದಲ್ಲೇ ಕರೆಯುತ್ತಿರುವುದಕ್ಕೆ ಎಷ್ಟು ಅಂಕ ಕಳೆಯುತ್ತೀರೋ ಕಳೆದುಕೊಳ್ಳಿ.

ಮೂರನೆಯದು ಕಡೆಯ ಅವಕಾಶ, ಆಮೇಲೆ ಅರ್ಜಿ ಹಾಕುವಂತಿಲ್ಲ. ಈ ಸಲ ನಾನು ಯಾವ ಮಹಡಿಗೂ ಹೋಗಲಿಲ್ಲ, ಯಾರಿಗೂ ಮರ್ಯಾದೆ ಕೊಡಲಿಲ್ಲ. ಸೋರುವ ನಲ್ಲಿ, ಕಾಣೆಯಾದ ಮಾಪು, ಕಮಟು ಹಿಡಿದ ಕಾರ್ಪೆಟ್ಟು ಎಲ್ಲವನ್ನೂ ವ್ಯಾಕರಣದ ಕಣ್ಣಲ್ಲೇ ನೋಡಿ, ಮೂವತ್ತೊಂಬತ್ತು ವಾಕ್ಯ ದಾಟುವಷ್ಟರಲ್ಲಿ ಮೂವತ್ತೈದು ಹಸಿರು ದೀಪ ಕಂಡೆ. ಮೂವತ್ತಾರು ಸಾಕಿತ್ತು. ಆಗ ತಾವು ಕರುಣೆಯಿಟ್ಟು ಕೊಟ್ಟ ಕೊನೆಯ ವಾಕ್ಯ, 'ದ ಫೈರ್ ಡೋರ್ ಆನ್ ದ ಫೋರ್ತ್ ಫ್ಲೋರ್ ಇಸ್ ಲಾಕ್ಡ್'. ನಾಲ್ಕನೇ ಮಹಡಿಯ ಬೆಂಕಿ ಬಾಗಿಲಿಗೆ, ಎಂದರೆ ಬೆಂಕಿ ಬಿದ್ದರೆ ಹೊರಗೋಡುವ ಬಾಗಿಲಿಗೆ, ಬೀಗ ಹಾಕಿದೆ.

ಬಾಗಿಲು ಒಂದು, 'ಇಸ್' ಒಂದು. ರಾಯರು ಕಲಿಸಿದ ಪ್ರಕಾರ ಇದಕ್ಕಿಂತ ಸುಖೀ ಸಂಸಾರ ಇನ್ನೊಂದಿಲ್ಲ. 'ತಪ್ಪಿಲ್ಲ' ಎಂದು ಒತ್ತಿದರೆ ಕುರ್ಚಿ ನನ್ನದು. ಬೆರಳು ಅಲ್ಲಿಗೇ ಹೋಗಿತ್ತು. ಆದರೆ ಆ ಬೀಗ ನಾನು ಕಣ್ಣಾರೆ ಕಂಡ ಬೀಗ. ಸಿಗರೇಟು ಸೇದುವವರು ಆ ಮೆಟ್ಟಿಲಿಗೆ ಹೋಗುತ್ತಾರೆಂದು ಯಾರೋ ಜಡಿದಿದ್ದರು, ನಾನೇ ಕಾರ್ಡಿನಲ್ಲಿ ಎಷ್ಟೋ ಸಲ 'ತಪ್ಪಿದೆ' ಎಂದು ಬರೆದಿದ್ದೆ. ಆ ಮಹಡಿಯಲ್ಲಿ ಇನ್ನೂರು ಹುಡುಗ ಹುಡುಗಿಯರು ಕೆಲಸ ಮಾಡುತ್ತಾರೆ, ಅರ್ಧಕ್ಕರ್ಧ ಜನ ನನ್ನನ್ನು ಅಕ್ಕಾ ಎನ್ನುತ್ತಾರೆ. ತಮ್ಮ ಗಾಜಿನ ಮೇಲೆ ನನ್ನ ನಂಬರು ಹೊಳೆಯುತ್ತಿತ್ತು. ಅದರ ಮುಂದೆ, ಬೆಂಕಿ ಬಾಗಿಲಿಗೆ ಬೀಗ ಹಾಕಿದೆ, ತಪ್ಪಿಲ್ಲ ಎಂದು ನಾನು ಹೇಗೆ ಒತ್ತಲಿ? ವ್ಯಾಕರಣ ತಿಳಿಯದೆ ಮಾಡಿದ್ದಲ್ಲ ಮಹಾಶಯರೇ, ಪೂರ್ತಿ ತಿಳಿದೇ 'ತಪ್ಪಿದೆ' ಎಂದು ಒತ್ತಿದೆ. ತಾವು ಕೆಂಪಾದಿರಿ. ಆ ದಿನ ಮೆಟ್ರೋದಲ್ಲಿ ಹಲಸೂರಿನವರೆಗೂ ನಿಂತು ಬರುತ್ತಾ ಅತ್ತೆ.

ಈಗ ಕುರ್ಚಿ ಶರ್ವಾಣಿ ಎಂಬ ಹುಡುಗಿಯದು. ಪದವಿ ಮುಗಿಸಿ ಬಂದವಳು, ನಲವತ್ತಕ್ಕೆ ನಲವತ್ತು, ಆ ಬಾಗಿಲನ್ನೂ ಸೇರಿಸಿ. ಅವಳನ್ನು ಬೈಯಲು ಬಾಯಿ ಬಾರದು, ಒಳ್ಳೆಯವಳು. ಬೆಳಗಾದರೆ "ಅಕ್ಕಾ, ಫೀನಾಯಿಲ್ ಎಷ್ಟು ತರಿಸ್ಲಿ? ಅಕ್ಕಾ, ರೌಂಡ್ ಯಾವ್ ಕಡೆಯಿಂದ ಶುರು ಮಾಡ್ತಾರೆ?" ಎಂದು ನನ್ನ ಹಿಂದೆಯೇ ಓಡಾಡುವುದರಿಂದ ಪಾಪ, ಅವಳಿಗೆ ಕೂರಲು ಪುರಸೊತ್ತಿಲ್ಲ. ಕುರ್ಚಿಯ ಮೇಲೆ ಅವಳ ಬ್ಯಾಗು ಕೂತಿರುತ್ತದೆ. ಬೀಗದ ವಿಷಯ ಹೇಳಿದೆ. ಅವಳು ಕಟ್ಟಡದವರಿಗೆ ಒಂದು ಮೇಲ್ ಬರೆದಳು, ರಾಯರಿಗೆ ತೋರಿಸಿದೆ, ಕೆಂಪು ಪೆನ್ನು ತೆರೆಯಲು ಜಾಗವೇ ಸಿಗಲಿಲ್ಲವೆಂದು ಕೊಂಡಾಡಿದರು. ಕಟ್ಟಡದವರೂ ಅಷ್ಟೇ ಸೊಗಸಾದ ಇಂಗ್ಲಿಷಿನಲ್ಲಿ ಧನ್ಯವಾದ ತಿಳಿಸಿದರು. ಬೀಗ ಅಲ್ಲೇ ಇದೆ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಒಂದು ದಿನ ತಾವು ಚಾರ್ಜರು ಕಳಚಿಕೊಂಡು ನನ್ನ ಜೊತೆ ರೌಂಡಿಗೆ ಬರಬೇಕು. ತಮಗೆ ಕಾಲಿಲ್ಲವೆಂದು ಬಲ್ಲೆ, ನನಗೂ ಅರ್ಧ ಇಲ್ಲ, ನಿಧಾನಕ್ಕೆ ಹೋಗೋಣ. ಮೂರನೇ ಮಹಡಿಯ ನಲ್ಲಿಗಳು ತಮ್ಮ 'ಆರ್' ತೆಗೆದು 'ಇಸ್' ಹಾಕಿದ ಮೇಲೂ ಯಾಕೆ ಸೋರುತ್ತಿವೆ ಎಂದು ಅವುಗಳಿಗೆ ತಾವೇ ಬುದ್ಧಿ ಹೇಳಬೇಕು. ಹಾಗೆಯೇ ಬೆಂಕಿ ಮತ್ತು ಹೊಗೆಗಳಿಗೂ ಒಂದು ಪರೀಕ್ಷೆ ಇಟ್ಟು, ನಲವತ್ತಕ್ಕೆ ಮೂವತ್ತಾರು ಅಂಕ ಬಾರದ ಬೆಂಕಿಗೆ ನಮ್ಮ ಕಟ್ಟಡದಲ್ಲಿ ಹೊತ್ತಿಕೊಳ್ಳಲು ಅವಕಾಶವಿಲ್ಲವೆಂದು ಆದೇಶ ಹೊರಡಿಸಬೇಕು. ಇಷ್ಟನ್ನು ನಡೆಸಿಕೊಟ್ಟರೆ ತಮ್ಮ ಗಾಜನ್ನು ದಿನಕ್ಕೆ ಮೂರು ಸಲ ಒರೆಸುತ್ತೇನೆ.

ತಮ್ಮ ಕೆಂಪು ದೀಪದಡಿಯಲ್ಲಿ ನಿಂತೇ ಇರುವ,
ತಮ್ಮ ವಿಶ್ವಾಸಿ,
ಉಮಾಶ್ರೀ

ವಿ.ಸೂ.: ಪತ್ರ ಮುಗಿಸಿ ಮಡಚಿಟ್ಟ ಮೇಲೆ, ಮೊನ್ನೆ ಬುಧವಾರ, ಕಟ್ಟಡದಲ್ಲಿ ಬೆಂಕಿಯ ಅಣಕು ಕವಾಯತು ನಡೆಯಿತು. ಗಂಟೆ ಹೊಡೆದದ್ದೇ ಉಳಿದೆಲ್ಲ ಮಹಡಿಯವರು ತಮ್ಮ ತಮ್ಮ ಬೆಂಕಿ ಬಾಗಿಲಿನಿಂದ ಇಳಿದು ಅಂಗಳದಲ್ಲಿ ನಿಂತರು. ನಾಲ್ಕನೇ ಮಹಡಿಯ ಇನ್ನೂರು ಮಂದಿ ಮಾತ್ರ ಬೀಗದ ಕೈ ಹುಡುಕಿ ತರುವವರೆಗೆ ಹತ್ತೊಂಬತ್ತು ನಿಮಿಷ ಬಾಗಿಲು ಬಡಿಯುತ್ತಾ ಒಳಗೇ ಇದ್ದರು. ನಾನು ಹೊರಗಿನ ಮೆಟ್ಟಿಲ ಮೇಲೆ ನಿಂತು ಕಿವಿಗೊಟ್ಟು ಕೇಳಿದೆ. ತಮಗೆ ಹೆಮ್ಮೆಯಾಗುವ ಸಂಗತಿಯೆಂದು ತಿಳಿಸುತ್ತಿದ್ದೇನೆ: ಅವರು ಕೂಗಿದ ಇಂಗ್ಲಿಷಿನಲ್ಲಿ ಒಂದೇ ಒಂದು ತಪ್ಪಿರಲಿಲ್ಲ.