ಬಾನೆಟ್ ಎತ್ತುವವನ ಪಾಡು

ಚಾಮರಾಜಪೇಟೆಯಲ್ಲಿ ಕಾರಿನ ಗ್ಯಾರೇಜು ಇಟ್ಟುಕೊಂಡವನಿಗೆ ನಗೆಯ ಪ್ರಸಂಗಗಳಿಗೆ ಬರವಿಲ್ಲ. ಈಚೆಗೆ ಗಿರಾಕಿಗಳಿಗೆ ಮಾತ್ರ ಬರ. ಗಾಡಿ ಉಗುಳುವ ಹೊಗೆಯ ಮೇಲೆ ಸರ್ಕಾರದ ನಿಯಮ ಬಿಗಿಯಾದಂತೆ ಕಾರಿನೊಳಗೆ ಕಂಪ್ಯೂಟರ್ ಬಂದು ಕೂತಿತು. ವಿದೇಶಿ ಕಂಪನಿಗಳು ಬಂದ ಮೇಲೆ ರಿಪೇರಿಯೂ ಅವರ ಷೋರೂಮಿನ ಪಾಲಾಯಿತು. ನನ್ನ ಪಾಲಿಗೆ ಉಳಿದದ್ದು ಅಂಗಡಿ ಬಾಡಿಗೆ.

ಕಿವಿಯ ಪರೀಕ್ಷೆ

ಹಳೇ ಗಿರಾಕಿಯೊಬ್ಬರು ಹೊಸ ವಿದೇಶಿ ಕಾರು ತಂದರು.

"ಷೋರೂಮಿನವರು ಏನೇನೋ ಹೇಳ್ತಾರೆ. ನೀವು ಶಬ್ದ ಕೇಳೇ ರೋಗ ಹೇಳೋರಲ್ವಾ, ಸ್ವಲ್ಪ ನೋಡಿ."

ಉಬ್ಬಿಹೋದೆ. ಬಾನೆಟ್ ಎತ್ತಿದರೆ ಒಳಗೆಲ್ಲ ಪ್ಲಾಸ್ಟಿಕ್ ಮುಚ್ಚಳ, ಬೆರಳು ತೂರಿಸಲೂ ಜಾಗವಿಲ್ಲ. ಇರಲಿ ಎಂದು ಕಣ್ಣು ಮುಚ್ಚಿ ಕಿವಿಗೊಟ್ಟೆ.

"ಸಾರ್, ಸ್ಟಾರ್ಟ್ ಮಾಡಿ."

"ಆಗಲೇ ಮಾಡಿದ್ದೀನಲ್ಲ!"

ಕ್ಷೇಮ ಸಮಾಚಾರ

ನನಗೆ ಉಳಿದಿದ್ದ ಒಬ್ಬರೇ ಖಾಯಂ ಗಿರಾಕಿ ಬಸವನಗುಡಿಯ ನಿವೃತ್ತ ಮೇಷ್ಟ್ರು. ಅವರ ಕಾರು ಮಾಡುತ್ತಿದ್ದ ದೇಶೀ ಕಂಪನಿ ವಿದೇಶಿ ಕಾರುಗಳ ಎದುರು ನಿಲ್ಲಲಾರದೆ ಎಂದೋ ಬಾಗಿಲು ಹಾಕಿತ್ತು. ಬಿಡಿಭಾಗ ಬೇಕೆಂದರೆ ಅಂಥದೇ ಇನ್ನೊಂದು ಕಾರು ಗುಜರಿಗೆ ಹೋಗಬೇಕು. ಹಳೇ ಗಾಡಿಗಳ ಫಿಟ್‌ನೆಸ್ ಪರೀಕ್ಷೆ ಹತ್ತಿರ ಬಂದಾಗಲೇ ಇವರ ಗೇರ್‌ಬಾಕ್ಸ್ ಕೈಕೊಟ್ಟಿತು. ಮಲ್ಲೇಶ್ವರದ ಗೆಳೆಯರೊಬ್ಬರಲ್ಲಿ ಅದೇ ಕಾರಿತ್ತು. ಮೇಷ್ಟ್ರು ಗ್ಯಾರೇಜಿನಲ್ಲೇ ಕೂತು ಅವರಿಗೆ ಫೋನ್ ಹಚ್ಚಿದರು.

"ನಿಮ್ಮ ಗಾಡಿ ಹೇಗಿದೆ ಸ್ವಾಮಿ? ಓಹೋ, ಚೆನ್ನಾಗಿದೆಯಾ?" ಮುಖ ಸಪ್ಪೆಯಾಯಿತು. ಆದರೂ ಆಸೆ ಬಿಡದೆ ಕೇಳಿದರು, "ಕೆಮ್ಮು ಗಿಮ್ಮು ಏನೂ ಇಲ್ವಾ?"

ಕೊನೆಗೆ ಗುಜರಿಗೆ ಹೋದದ್ದು ಮೇಷ್ಟ್ರ ಕಾರೇ. ಸಂತಾಪ ಹೇಳಲು ಮೊದಲು ಓಡಿಬಂದವರು ಆ ಮಲ್ಲೇಶ್ವರದ ಗೆಳೆಯರು, ಕೈಯಲ್ಲಿ ಸ್ಪ್ಯಾನರ್ ಹಿಡಿದು.

ಹೊಸ ನೌಕರಿ

ಆಮೇಲೆ ಗ್ಯಾರೇಜು ಪೂರ್ತಿ ಖಾಲಿ. ಬೆಳಿಗ್ಗೆ ಷಟರ್ ಎತ್ತಿ, ಊದುಬತ್ತಿ ಹಚ್ಚಿ, ಬೀದಿಯವರಿಗೆ ಕೆಲಸವಿದೆ ಅನ್ನಿಸಲಿ ಎಂದು ಹಳೇ ಇಂಜಿನ್ನೊಂದನ್ನು ಬಿಚ್ಚುತ್ತ ಜೋಡಿಸುತ್ತ ಕೂರುತ್ತಿದ್ದೆ. ಎಷ್ಟು ದಿನ ಹೀಗೆ? ಕಡೆಗೆ ಗ್ಯಾರೇಜು ಮುಚ್ಚಿ, ಜಾಗವನ್ನು ಕಾಫಿ ಅಂಗಡಿ ಇಡುವ ಹೆಣ್ಣುಮಗಳೊಬ್ಬಳಿಗೆ ಬಿಟ್ಟುಕೊಡಲು ಒಪ್ಪಿದೆ. ಅವಳು ಬಂದು ಗೋಡೆ, ನೆಲ ಎಲ್ಲ ನೋಡಿ ಖುಷಿಯಾದಳು.

"ಅಂಕಲ್, ಈ ಆಯಿಲ್ ಕಲೆ ಹಾಗೇ ಇರಲಿ, ಗ್ಯಾರೇಜ್ ಫೀಲ್ ಬರುತ್ತೆ. ಭಾನುವಾರ ನೀವೂ ಖಾಕಿ ಅಂಗಿ ಹಾಕ್ಕೊಂಡು ಬನ್ನಿ, ಸಂಬಳ ಕೊಡ್ತೀನಿ."

"ಕೆಲಸ ಏನಮ್ಮಾ?"

"ಏನೂ ಇಲ್ಲ. ಆ ಇಂಜಿನ್ ಮುಂದೆ ಕೂತು ರಿಪೇರಿ ಮಾಡೋ ಥರ ಇರಿ, ಅಷ್ಟೇ."

ಅವಮಾನದಿಂದ ಕುದಿಯುತ್ತ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ.

"ಒಪ್ಕೊಂಡ್ಬಿಡಿ ರೀ. ಇಷ್ಟು ದಿನ ಅದನ್ನೇ ಬಿಟ್ಟಿ ಮಾಡ್ತಿದ್ರಲ್ಲ."